ಸೀಟು ಬಿಟ್ಟ ನಲವತ್ತೊಂದು ನಿಮಿಷ

೧೯೮೨ರ ಜುಲೈ ೯, ಶುಕ್ರವಾರ. ಬೆಳಿಗ್ಗೆ ಹತ್ತೂಕಾಲಿಗೆ ಒಂದು ಟೆಂಪೋ ಪೀಣ್ಯದ ನಮ್ಮ ಷೆಡ್ಡಿನ ಮುಂದೆ ನಿಂತು ಹನ್ನೆರಡು ಮರದ ಪೆಟ್ಟಿಗೆಗಳನ್ನು ಇಳಿಸಿ ಹೋಯಿತು. ಎಂಟು ದಿನದ ಹಿಂದೆ ನಾವೇ ಮೊಳೆ ಹೊಡೆದು ಕಳಿಸಿದ್ದ ಪೆಟ್ಟಿಗೆಗಳು. ಜೊತೆಗಿದ್ದ ಗಿರಾಕಿ ಕಂಪನಿಯ ಕಾಗದದಲ್ಲಿ ನಾಲ್ಕೇ ಸಾಲು: ರೋಲರುಗಳ ನಡುವೆ ಬಿರುಕು ಬಿಟ್ಟವು ಸಿಕ್ಕಿವೆ, ಇಡೀ ಲಾಟ್ ತಿರಸ್ಕರಿಸಲಾಗಿದೆ, ಇನ್ನೊಮ್ಮೆ ಹೀಗಾದರೆ ಆರ್ಡರು ಬೇರೆಯವರಿಗೆ ಹೋಗುತ್ತದೆ.

ನಾವು ಮಾಡುತ್ತಿದ್ದದ್ದು ಬೇರಿಂಗಿನೊಳಗೆ ಕೂರುವ ಸಣ್ಣ ಉಕ್ಕಿನ ರೋಲರು. ಅರ್ಧಕ್ಕೆ ಮುರಿದ ಬೆಂಕಿಕಡ್ಡಿಯಷ್ಟು ಉದ್ದ, ಹೆಚ್ಚುಕಡಿಮೆ ಕಡ್ಡಿಯಷ್ಟೇ ದಪ್ಪ. ಗ್ರೈಂಡಿಂಗ್ ಮುಗಿದ ಮೇಲೆ ಅವು ಕೊನೆಯದಾಗಿ ಬರುತ್ತಿದ್ದದ್ದು ಆರು ಜನ ಹೆಂಗಸರು ಕೂರುವ ಒಂದು ಉದ್ದನೆಯ ಮೇಜಿಗೆ. ಓರೆಯಾಗಿಟ್ಟ ಗಾಜಿನ ಮೇಲೆ ಒಂದು ಟ್ರೇಯ ಇನ್ನೂರು ರೋಲರು ಸುರಿದು, ಅಂಗೈಯಲ್ಲಿ ಮೆಲ್ಲಗೆ ಉರುಳಿಸುತ್ತ, ಟ್ಯೂಬ್‌ಲೈಟಿನ ಕೆಳಗೆ ಒಂದೊಂದರ ಮೈಯನ್ನೂ ಸುತ್ತ ನೋಡಬೇಕು. ಕೂದಲೆಳೆಯಂಥ ಬಿರುಕು, ಸುಟ್ಟ ಕಂದು ಕಲೆ, ತುಕ್ಕಿನ ಚುಕ್ಕೆ ಕಂಡರೆ ಎತ್ತಿ ಕೆಂಪು ಡಬ್ಬಿಗೆ ಹಾಕಬೇಕು. ಒಂದು ಟ್ರೇ ಮುಗಿಯಲು ಹನ್ನೆರಡು ನಿಮಿಷ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಇದೇ ಕೆಲಸ. ನಡುವೆ ಹತ್ತು ಹತ್ತು ನಿಮಿಷದ ಎರಡು ಟೀ ಬಿಡುವು, ಊಟಕ್ಕೆ ಅರ್ಧ ಗಂಟೆ.

ಮರುದಿನ ಮ್ಯಾನೇಜರ್ ನನ್ನನ್ನು ಕರೆಸಿದರು. ಆ ವಿಭಾಗದಲ್ಲಿ ನಾನಿನ್ನೂ ಟ್ರೈನಿ. ಜೇಬಿನಲ್ಲಿ ಸದಾ ಒಂದು ನೋಟ್‌ಬುಕ್ ಇರುತ್ತಿದ್ದುದನ್ನು ಅವರು ಗಮನಿಸಿದ್ದರು.

"ಆರು ಜನದಲ್ಲಿ ಯಾರೋ ಒಬ್ರು ನೋಡ್ದೇನೇ ಪಾಸ್ ಮಾಡ್ತಿದಾರೆ ಕಣಯ್ಯ. ಯಾರು ಅಂತ ನಂಗೆ ಬೇಕು. ಅವ್ರಿಗೆ ಗೊತ್ತಾಗ್ಬಾರ್ದು."

"ಹೇಗೆ ಕಂಡುಹಿಡಿಯೋದು ಸಾರ್?"

"ನೀನು ಬರ್ಕೊಳ್ಳೋನಲ್ವಾ? ಬರ್ಕೋ."

ಬರೆದುಕೊಳ್ಳುವುದು ನನಗೆ ಕಷ್ಟದ ಕೆಲಸವಾಗಿರಲಿಲ್ಲ. ಎಷ್ಟು ಹೊತ್ತಿಗೆ ಎದ್ದೆ, ಎಷ್ಟು ಗಂಟೆ ನಿದ್ದೆ ಮಾಡಿದೆ, ಬಸ್ಸಿಗೆ ಎಷ್ಟು ನಿಮಿಷ ಕಾದೆ, ಎಲ್ಲವನ್ನೂ ಬರೆದಿಡುವ ಅಭ್ಯಾಸ ನನಗೆ ಮೊದಲಿನಿಂದ ಇತ್ತು. ಮೇಜಿನ ಆರೂ ಜನರಿಗೆ ಒಂದೊಂದು ಕಾಲಂ ಎಳೆದೆ. ಸೀಟಿನಲ್ಲಿದ್ದರೆ ಒಂದು ಗೆರೆ, ಇಲ್ಲದಿದ್ದರೆ ಸೊನ್ನೆ ಮತ್ತು ನಿಮಿಷ. ಜುಲೈ ೧೨ರಿಂದ ೧೭ರವರೆಗೆ ಆರು ದಿನ, ಮೇಜಿನ ಎದುರಿದ್ದ ನನ್ನ ಕುರ್ಚಿಯಲ್ಲೇ ಕೂತು ಬರೆದೆ. ಗುಟ್ಟಾಗಿ ಬರೆಯುತ್ತಿದ್ದೇನೆ ಎಂದುಕೊಂಡಿದ್ದೆ. ಎರಡನೆಯ ದಿನವೇ ಮೇಜಿನ ಚಿಕ್ಕ ಹುಡುಗಿ, ಹೋದ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿ ಬಂದವಳು, ಎಲ್ಲರಿಗೂ ಕೇಳುವಂತೆ ಹೇಳಿದಳು: "ಲೆಕ್ಕದ ಸಾರ್ ಬಂದ್ರು ಕಣ್ರೇ. ಉಸಿರು ಮೆಲ್ಲಗೆ ಬಿಡಿ, ಅದನ್ನೂ ಬರ್ಕೊಂಡಾರು."

ವಾರದ ಕೊನೆಗೆ ಕೂಡಿ ನೋಡಿದರೆ ಐದು ಜನ ದಿನಕ್ಕೆ ಹದಿನೈದರಿಂದ ಇಪ್ಪತ್ತು ನಿಮಿಷ ಸೀಟು ಬಿಟ್ಟಿದ್ದರು. ಒಬ್ಬರು ಮಾತ್ರ ನಲವತ್ತೊಂದು ನಿಮಿಷ. ಮೇಜಿನ ಕೊನೆಯಲ್ಲಿ ಕೂರುತ್ತಿದ್ದ ಹಿರಿಯ ಹೆಂಗಸು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ಷೆಡ್ಡುಗಳು ಏಳುವ ಮೊದಲು ಇಲ್ಲಿ ಹೊಲ ಇಟ್ಟುಕೊಂಡಿದ್ದ ಮನೆತನದವರು. ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದರೂ ಇನ್ನೂ ಖಾಯಂ ಆಗಿರಲಿಲ್ಲ. ಅವರ ಕೆಲಸದ ಮೇಲೆಯೇ ಮನೆ ನಡೆಯುತ್ತದೆ, ಮಗಳು ಹೈಸ್ಕೂಲಿಗೆ ಹೋಗುತ್ತಾಳೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಟೀ, ಊಟದ ಹೊತ್ತು ಬಿಟ್ಟು ದಿನಕ್ಕೆ ಎಂಟೊಂಬತ್ತು ಸಲ ಎದ್ದು ಹಿಂಬಾಗಿಲಿನಿಂದ ಹೊರಗೆ ಹೋಗುತ್ತಿದ್ದರು. ಅಲ್ಲಿ ಕಂಪ್ರೆಸರ್ ಇಟ್ಟ ಗೂಡು ಮತ್ತು ಕಾಂಪೌಂಡ್ ಗೋಡೆ ಬಿಟ್ಟರೆ ಏನೂ ಇಲ್ಲ. ಶೌಚಾಲಯ ಇನ್ನೊಂದು ಕಡೆಗೆ.

ನನಗೆ ಸಂಶಯ ಗಟ್ಟಿಯಾಯಿತು. ಇಷ್ಟು ಹೊತ್ತು ಹೊರಗಿದ್ದರೂ ಅವರ ಟ್ರೇಗಳ ಸಂಖ್ಯೆ ಉಳಿದವರಷ್ಟೇ ಇತ್ತು. ಹಾಗಾದರೆ ಕೂತಾಗ ಓಡಿಸುತ್ತಿದ್ದಾರೆ, ಬಿರುಕು ತಪ್ಪಿಹೋಗುವುದು ಇಲ್ಲೇ. ಶನಿವಾರ ಸಂಜೆ ಪಟ್ಟಿಗೆ ಸಹಿ ಹಾಕಿ ಮ್ಯಾನೇಜರಿಗೆ ಕೊಟ್ಟೆ. ಅವರು ಕೊನೆಯ ಕಾಲಮ್ಮಿನ ಮೇಲೆ ಪೆನ್ಸಿಲಿನಿಂದ ಸುತ್ತು ಹಾಕಿದರು.

"ನಂಗೂ ಇವಳ ಮೇಲೇ ಇತ್ತು," ಎಂದರು. "ಕೆಲ್ಸದಿಂದ ತೆಗೆಯೋಕೆ ಇದೊಂದೇ ಸಾಲ್ದು. ಒಂದ್ ವಾರದಲ್ಲಿ ಇನ್ನೊಂದು ಪ್ರೂಫ್ ತಗೊಂಡ್ಬಾ."

ಪ್ರೂಫಿಗಾಗಿ ನಾನು ಮಾಡಿದ್ದು ಪರೀಕ್ಷೆಯ ಟ್ರೇ. ಗ್ರೈಂಡಿಂಗ್ ವಿಭಾಗದ ಚಾರ್ಜ್‌ಹ್ಯಾಂಡ್ ಸಹಾಯಕ್ಕೆ ಬಂದರು. ಅಲ್ಲಿನ ಕೆಲಸಗಾರರ ಮೇಲಿನ ಮೇಸ್ತ್ರಿ; ದೊಡ್ಡ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾಗಿ ನಮ್ಮಲ್ಲಿಗೆ ಬಂದಿದ್ದ ಹಿರಿಯರು. ಇಬ್ಬರೂ ಭಾನುವಾರ ಬೆಳಿಗ್ಗೆ ಕೂತು, ಲೆನ್ಸ್ ಹಿಡಿದು, ನೂರ ಎಂಬತ್ತು ಒಳ್ಳೆಯ ರೋಲರು ಮತ್ತು ಇಪ್ಪತ್ತು ಕೆಟ್ಟವು ಆರಿಸಿ ಬೆರೆಸಿದೆವು. ಇದನ್ನು ಮಾಮೂಲಿ ಟ್ರೇಗಳ ನಡುವೆ ಸೇರಿಸಿ ಕೊಡುವುದು; ಕೆಂಪು ಡಬ್ಬಿಯಲ್ಲಿ ಎಷ್ಟು ಬಿದ್ದವು ಎಂದು ಎಣಿಸುವುದು; ಮತ್ತೆ ಬೆರೆಸಿ ಇನ್ನೊಬ್ಬರಿಗೆ ಕೊಡುವುದು.

"ಗುರು, ಇದು ಪೊಲೀಸ್ ಕೆಲ್ಸ ಆಯ್ತಲ್ಲೋ," ಎಂದರು ಚಾರ್ಜ್‌ಹ್ಯಾಂಡ್.

"ತಪ್ಪು ಮಾಡ್ದೇ ಇರೋರಿಗೆ ಏನ್ ಭಯ ಸಾರ್?"

"ಅದನ್ನೇ ಪೊಲೀಸ್ರೂ ಹೇಳೋದು."

ಜುಲೈ ೧೯ರಿಂದ ಶುರು ಮಾಡಿದೆ. ಮೊದಲ ಎರಡು ದಿನದ ಪುಟ ಈಗಲೂ ನನ್ನ ಹತ್ತಿರ ಇದೆ. ಬೆಳಿಗ್ಗೆ ಎಂಟೂವರೆಗೆ ಯಾರಿಗೇ ಕೊಡಲಿ, ಇಪ್ಪತ್ತರಲ್ಲಿ ಹದಿನೆಂಟೋ ಹತ್ತೊಂಬತ್ತೋ ಹಿಡಿಯುತ್ತಿದ್ದರು. ಹನ್ನೊಂದೂಮುಕ್ಕಾಲಿಗೆ ಹದಿಮೂರು, ಹದಿನಾಲ್ಕು. ಊಟ ಆದ ಮೇಲೆ ಒಂದಿಷ್ಟು ಏರಿ ಹದಿನಾರು. ಸಂಜೆ ನಾಲ್ಕಕ್ಕೆ ಹನ್ನೊಂದು, ಒಬ್ಬಳದು ಒಂಬತ್ತು. ಕೊನೆಯ ಕಾಲಂ ಮಾತ್ರ ಹೀಗಿತ್ತು: ಹತ್ತೊಂಬತ್ತು, ಹದಿನೆಂಟು, ಹತ್ತೊಂಬತ್ತು, ಹದಿನೆಂಟು.

ಸರಿಯಾದ ಮನುಷ್ಯನಾಗಿದ್ದರೆ ಅಲ್ಲೇ ನನ್ನ ಊಹೆ ಬಿಡಬೇಕಿತ್ತು. ನಾನು ಬಿಡಲಿಲ್ಲ. ಪರೀಕ್ಷೆಯ ಟ್ರೇ ಯಾವುದೆಂದು ಅಕ್ಕನಿಗೆ ಯಾರೋ ಹೇಳಿದ್ದಾರೆ ಎಂದುಕೊಂಡೆ. ಯಾರು? ಗೊತ್ತಿದ್ದದ್ದು ಇಬ್ಬರಿಗೆ. ಚಾರ್ಜ್‌ಹ್ಯಾಂಡ್ ದಿನಾ ಊಟದ ನಂತರ ಅಕ್ಕನ ಎಲೆಯಡಿಕೆ ಚೀಲಕ್ಕೆ ಕೈ ಹಾಕುತ್ತಿದ್ದರು. ಅವರ ಹೆಸರಿನ ಮುಂದೆಯೂ ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದೆ. ಮಂಗಳವಾರ ಸಂಜೆ, ಎಲ್ಲರೂ ಹೋದ ಮೇಲೆ, ಒಬ್ಬನೇ ಕೂತು ಎರಡನೆಯ ಟ್ರೇ ಮಾಡಿದೆ. ಅದರಲ್ಲಿ ಕೆಟ್ಟವು ಇಪ್ಪತ್ತಲ್ಲ, ಹದಿನೇಳು. ಅಕ್ಕನಿಗೆ ಇಪ್ಪತ್ತೆಂಬ ಸಂಖ್ಯೆ ಗೊತ್ತಿದ್ದರೆ ಇಪ್ಪತ್ತು ತುಂಬಿಸಲು ಒಳ್ಳೆಯ ರೋಲರನ್ನೂ ಎತ್ತಿ ಹಾಕಿಯಾರು, ಸಿಕ್ಕಿಬೀಳುತ್ತಾರೆ.

ಬುಧವಾರ ಸಂಜೆ ನಾಲ್ಕಕ್ಕೆ ಕೊಡಬೇಕೆಂದಿದ್ದೆ. ಆ ದಿನ ಎರಡೂವರೆಗೆ ಕರೆಂಟು ಹೋಯಿತು. ಆ ವರ್ಷ ಅದು ಹೊಸದೇನಲ್ಲ. ಗ್ರೈಂಡರುಗಳು ಒಂದೊಂದಾಗಿ ಮೊರೆತ ಇಳಿಸಿ ನಿಂತವು. ಹೆಂಗಸರು ಕತ್ತಲೆ ಮೇಜು ಬಿಟ್ಟು ಮುಂಬಾಗಿಲ ಮೆಟ್ಟಿಲ ಮೇಲೆ ಹೋಗಿ ಕೂತರು. ಐವತ್ತು ನಿಮಿಷ ಹರಟೆ, ರಸ್ತೆಯಲ್ಲಿ ಹೋಗುವ ಲಾರಿ ನೋಡುವುದು. ನಾನು ಹಾಳಾದ ಹೊತ್ತಿನ ಲೆಕ್ಕ ಬರೆದೆ. ಕರೆಂಟು ಬಂದು ಕೂತ ಮೇಲೆ, ನಾಲ್ಕಕ್ಕೆ, ಹಳೆಯ ಟ್ರೇಯನ್ನು ಚಿಕ್ಕ ಹುಡುಗಿಗೂ ಹೊಸದನ್ನು ಅಕ್ಕನಿಗೂ ಕೊಟ್ಟೆ.

ಅಕ್ಕ ಹದಿನೇಳರಲ್ಲಿ ಹದಿನಾರು ಹಿಡಿದಿದ್ದರು. ಒಳ್ಳೆಯದೊಂದೂ ಕೆಂಪು ಡಬ್ಬಿಗೆ ಬಿದ್ದಿರಲಿಲ್ಲ. ಅಂದರೆ ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಹಿಂದಿನ ಸಂಜೆ ಒಂಬತ್ತು ಹಿಡಿದಿದ್ದ ಚಿಕ್ಕ ಹುಡುಗಿ ಇಂದು ಹದಿನೆಂಟು ಹಿಡಿದಿದ್ದಳು. ಟ್ರೇ ಅದಲುಬದಲಾಯಿತೇ ಎಂದು ಮೂರು ಸಲ ಎಣಿಸಿದೆ. ಆಗಿರಲಿಲ್ಲ.

ಗುರುವಾರ ಕರೆಂಟು ಇತ್ತು. ಸಂಜೆ ನಾಲ್ಕಕ್ಕೆ ಅದೇ ಹುಡುಗಿ, ಅದೇ ಟ್ರೇ. ಹತ್ತು.

ಜುಲೈ ೨೩, ಶುಕ್ರವಾರ. ಹನ್ನೊಂದು ಗಂಟೆಗೆ ಅಕ್ಕ ಎದ್ದ ಕೂಡಲೇ ನಾನೂ ಎದ್ದೆ. ಹಿಂಬಾಗಿಲ ಹೊರಗೆ, ಕಂಪ್ರೆಸರ್ ಗೂಡಿನ ಮರೆಯಲ್ಲಿ ನಿಂತು ನೋಡಿದೆ. ಅಕ್ಕ ಗೋಡೆಯ ಹತ್ತಿರ ನಿಂತಿದ್ದರು. ಎರಡೂ ಕೈ ಗೋಡೆಯ ಮೇಲೆ. ಯಾರ ಜೊತೆಯೂ ಮಾತಿಲ್ಲ, ಕೈಯಲ್ಲಿ ಏನೂ ಇಲ್ಲ. ಬರೀ ಆಚೆ ನೋಡುತ್ತಿದ್ದರು. ಆಚೆ ಯಾರಿಗಾದರೂ ಸನ್ನೆ ಮಾಡುತ್ತಿರಬಹುದೇ ಎಂದು ಕಾದೆ. ಎರಡು ನಿಮಿಷ ಐವತ್ತು ಸೆಕೆಂಡಾಯಿತು. ತಿರುಗಿದವರು ನನ್ನನ್ನು ಕಂಡು ಬೆಚ್ಚಲಿಲ್ಲ.

"ಏನ್ ಸಾರ್, ಸಿಕ್ತಾ?"

"ಏನು?"

"ನೀವ್ ಉಡುಕ್ತಿರಾದು."

ನಾನು ಗೋಡೆಯವರೆಗೆ ಹೋಗಿ ಬಗ್ಗಿ ನೋಡಿದೆ. ಕಲ್ಲು ನೆಟ್ಟ ಖಾಲಿ ಸೈಟು, ಆಮೇಲೆ ನೀಲಗಿರಿ ಸಾಲು, ಅದರಾಚೆ ತುಂಬ ದೂರದಲ್ಲಿ ಒಂದು ನೀರಿನ ಟ್ಯಾಂಕು. ಇಷ್ಟೇ.

"ಇಲ್ಲಿ ಏನಿದೆ ಅಕ್ಕ? ಯಾಕೆ ಬರ್ತೀರಿ ದಿನಾ?"

"ಏನೂ ಇಲ್ಲ ಅಂತಾನೇ ಬರಾದು." ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡರು. "ಯಾರ್ ಕಳಿಸಿದ್ದು ನಿಮ್ಮನ್ನ? ಮ್ಯಾನೇಜ್ರಾ?"

"ಯಾರೂ ಇಲ್ಲ. ನಾನೇ ಕೇಳ್ತಿದೀನಿ."

"ಅಂಗಾದ್ರೆ ನೀವೇ ಬರ್ಕಳಿ. ಮುಕ್ಕಾಲು ಗಂಟೆ ಆ ಕಡ್ಡಿಗಳ್ನ ನೋಡಿದ್ರೆ ಎಲ್ಲಾ ಒಂದೇ ಥರ ಕಾಣ್ತವೆ. ಬಿರುಕು ಇರಾದೂ ಅಂಗೇ, ಇಲ್ದಿರಾದೂ ಅಂಗೇ. ಒಸಿ ಹೊತ್ತು ದೂರ ನೋಡಿ ಬಂದ್ರೆ ಮತ್ತೆ ಬೇರೆಬೇರೆ ಕಾಣ್ತವೆ."

"ಟೀಗೆ ಬಿಡ್ತಾರಲ್ಲ, ಆವಾಗ ನೋಡ್ಬಹುದಲ್ವಾ?"

"ಟೀ ಬಿಟ್ಟಾಗ ಏನ್ ಮಾಡ್ತಾರೆ ಅಂತ ನೋಡಿದೀರಾ ನೀವು? ಬರೀ ಸೀಟು ನೋಡಿದೀರಿ."

ಅದು ನಿಜವಾಗಿತ್ತು. ಆ ದಿನ ಮೂರು ಗಂಟೆಯ ಟೀ ಹೊತ್ತಿನಲ್ಲಿ ಮೊದಲ ಸಲ ನೋಡಿದೆ. ಇಬ್ಬರು ಕ್ರೋಷಾ ಕಡ್ಡಿ ಹಿಡಿದು ಲೇಸು ಹೆಣೆಯುತ್ತಿದ್ದರು. ಒಬ್ಬಳು ವಾರಪತ್ರಿಕೆಯ ಧಾರಾವಾಹಿ ಓದುತ್ತಿದ್ದಳು, ಅವಳ ಭುಜದ ಮೇಲಿಂದ ಚಿಕ್ಕ ಹುಡುಗಿಯೂ ಓದುತ್ತಿದ್ದಳು. ಇನ್ನೊಬ್ಬಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಸಂಜೆ ಮನೆಗೆ ಹೋಗಿ ಮಾಡುವ ಕೆಲಸ ಇಲ್ಲೇ ಮುಗಿಯಲಿ ಎಂದು ತಂದಿದ್ದಳು. ಅದೂ ಅದೇ ಟ್ಯೂಬ್‌ಲೈಟಿನ ಕೆಳಗೆ. ನಾವು ಬಿಡುವು ಕೊಟ್ಟದ್ದು ಕೈಗೆ, ಬೆನ್ನಿಗೆ. ಇಡೀ ದಿನ ದುಡಿಯುತ್ತಿದ್ದದ್ದು ಕಣ್ಣು. ಅದಕ್ಕೆ ಬಿಡುವು ಸಿಕ್ಕಿದ್ದು ಬುಧವಾರ, ಕರೆಂಟು ಹೋದಾಗ ಮಾತ್ರ.

ಒಮ್ಮೆ ಅದು ಹೊಳೆದ ಮೇಲೆ ಷೆಡ್ಡಿನಲ್ಲೆಲ್ಲ ಅದೇ ಕಾಣತೊಡಗಿತು. ಪ್ರೆಸ್ಸಿನ ಹತ್ತಿರ ದಿನವಿಡೀ ನಿಂತೇ ಇರುವವರು ಟೀ ಬಿಡುವಿನ ಹತ್ತು ನಿಮಿಷವನ್ನೂ ಗ್ಲಾಸು ಹಿಡಿದು ಸಾಲಿನಲ್ಲಿ ನಿಂತೇ ಕಳೆಯುತ್ತಿದ್ದರು. ದೊಡ್ಡ ಗ್ರೈಂಡರಿನವನು ಊಟದ ಹೊತ್ತಿನಲ್ಲಿ ಯಾರ ಜೊತೆಗೂ ಸೇರದೆ ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು ಒಬ್ಬನೇ ತಿನ್ನುತ್ತಿದ್ದ. ಅವನಿಗೆ ಸೊಕ್ಕು ಎಂದು ನಾನೂ ನಂಬಿದ್ದೆ, ಸ್ಟೋರಿನ ಸಾಮಾನಿನ ಬಗ್ಗೆ ಸಂಶಯವನ್ನೂ ಬರೆದಿದ್ದೆ. ಚಾರ್ಜ್‌ಹ್ಯಾಂಡ್ ಅವರನ್ನು ಕೇಳಿದಾಗ ನಕ್ಕರು. "ಅವನ ಕಿವಿಗೆ ರಜಾ ಬೇಕು ಗುರು. ಬೆಳಿಗ್ಗೆಯಿಂದ ಆ ಮಿಷಿನ್ ಕೂಗು ಕೇಳಿ, ಮಧ್ಯಾಹ್ನ ನಿಮ್ಮಗಳ ಕೂಗೂ ಕೇಳ್ಬೇಕಾ?"

ಆದರೂ ಬೇರೆಯವರ ಮಾತು ನಂಬಿ ಬರೆಯುವುದು ನನಗೆ ಆಗುತ್ತಿರಲಿಲ್ಲ. ಜುಲೈ ೨೬, ಸೋಮವಾರ, ಮೇಜಿನ ಮಧ್ಯದಲ್ಲಿ ಒಂದು ಸ್ಟೂಲ್ ಹಾಕಿಸಿಕೊಂಡು ನಾನೇ ಕೂತೆ. ಪರೀಕ್ಷೆಯ ಟ್ರೇಯನ್ನು ಯಾವಾಗ ಬೇಕಾದರೂ ಕೊಡಿ ಎಂದು ಚಾರ್ಜ್‌ಹ್ಯಾಂಡ್ ಕೈಗೆ ಒಪ್ಪಿಸಿದೆ. ಹಿಂದಿನ ರಾತ್ರಿಯ ನಿದ್ದೆ ನನ್ನ ಪುಸ್ತಕದ ಪ್ರಕಾರ ಎಂಟು ಗಂಟೆ ಹತ್ತು ನಿಮಿಷ, ಆದ್ದರಿಂದ ಆಯಾಸದ ಪ್ರಶ್ನೆ ಇಲ್ಲ ಎಂದುಕೊಂಡೆ.

ಮೊದಲ ಗಂಟೆ ಸುಲಭವಾಗಿತ್ತು. ಆಮೇಲೆ ಗಾಜಿನ ಮೇಲಿನ ರೋಲರುಗಳು ಒಂದೇ ಹೊಳೆಯುವ ಹಾಳೆಯಾದವು. ಆದರೆ ನನಗೆ ಏನೋ ತಪ್ಪುತ್ತಿದೆ ಎಂದು ಒಮ್ಮೆಯೂ ಅನ್ನಿಸಲಿಲ್ಲ. ಚೆನ್ನಾಗಿಯೇ ನೋಡುತ್ತಿದ್ದೇನೆ ಎಂಬ ನಂಬಿಕೆ ಸಂಜೆಯವರೆಗೂ ಹಾಗೆಯೇ ಇತ್ತು. ಐದು ಗಂಟೆಗೆ ಚಾರ್ಜ್‌ಹ್ಯಾಂಡ್ ಚೀಟಿ ಕೊಟ್ಟರು: ಎಂಟೂವರೆಗೆ ಹದಿನೇಳು, ಹನ್ನೊಂದೂವರೆಗೆ ಹನ್ನೆರಡು, ನಾಲ್ಕಕ್ಕೆ ಎಂಟು.

"ಎಂಟಾ? ಇನ್ನೊಂದ್ಸಲ ಎಣಿಸಿ ಸಾರ್."

"ಎಣಿಸಿದೀನಿ ಗುರು. ನನ್ಮೇಲೂ ಡೌಟಾ?"

ಚಿಕ್ಕ ಹುಡುಗಿ ಬಗ್ಗಿ ಚೀಟಿ ನೋಡಿದಳು. "ಎಂಟು! ಸಾರ್, ನಿಮ್ಮನ್ನೇ ತೆಗೀಬೇಕು ಮೊದ್ಲು."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. "ನಿನ್ನೆ ಭಾನ್ವಾರ ಏನ್ ಮಾಡಿದ್ರಿ?" ಎಂದು ಕೇಳಿದರು.

"ರೂಮಲ್ಲೇ ಇದ್ದೆ. ರೆಸ್ಟ್. ವಾರದ ಲೆಕ್ಕ ಎಲ್ಲ ನೀಟಾಗಿ ಕಾಪಿ ಮಾಡ್ದೆ."

"ಅದು ರೆಸ್ಟಾ?" ಎಂದಷ್ಟೇ ಹೇಳಿ ಊಟದ ಡಬ್ಬಿ ಎತ್ತಿಕೊಂಡರು.

ಮರುದಿನ ಮ್ಯಾನೇಜರ್ ಮೇಜಿನ ಮೇಲೆ ಒಂದು ಟೈಪ್ ಮಾಡಿದ ಕಾಗದ ಸಿದ್ಧವಾಗಿತ್ತು. ಅಕ್ಕನನ್ನು ಕೆಲಸದಿಂದ ತೆಗೆಯುವ ನೋಟೀಸು. ಅದರಲ್ಲಿ ನನ್ನ ಪಟ್ಟಿಯ ಉಲ್ಲೇಖವಿತ್ತು: ದಿನಕ್ಕೆ ನಲವತ್ತೊಂದು ನಿಮಿಷ ಸ್ಥಳದಲ್ಲಿ ಇಲ್ಲದಿರುವುದು. ಕೆಳಗೆ ಸಾಕ್ಷಿ ಎಂಬ ಕಡೆ ನನ್ನ ಸಹಿಗೆ ಜಾಗ ಬಿಟ್ಟಿದ್ದರು.

ನಾನು ಎರಡನೆಯ ವಾರದ ಪುಟಗಳನ್ನು ಅವರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿದರು.

"ಅಂದ್ರೆ ನಿನ್ನ ಮೊದಲ್ನೇ ಲೆಕ್ಕ ತಪ್ಪು ಅಂತೀಯಾ?"

"ಲೆಕ್ಕ ಸರಿ ಸಾರ್. ನಾನು ಎಣಿಸಿದ್ದು ತಪ್ಪು. ಸೀಟ್ ಎಣಿಸ್ದೆ. ಕಣ್ಣು ಎಣಿಸ್ಬೇಕಿತ್ತು."

"ಆಯಮ್ಮ ಏನಾದ್ರೂ ಹೇಳಿಕೊಟ್ಲಾ ನಿಂಗೆ?"

"ಇಲ್ಲ ಸಾರ್."

"ಚಾರ್ಜ್‌ಹ್ಯಾಂಡ್?"

"ಇಲ್ಲ. ನಾನೇ ಕೂತು ನೋಡ್ದೆ. ಇಪ್ಪತ್ತರಲ್ಲಿ ಎಂಟು ಹಿಡ್ದೆ." ಆ ಚೀಟಿಯನ್ನೂ ಇಟ್ಟೆ. "ನಾನು ಇದಕ್ಕೆ ಸೈನ್ ಹಾಕಲ್ಲ ಸಾರ್. ಮೊದಲ್ನೇ ಪಟ್ಟಿನೂ ವಾಪಸ್ ಕೊಡಿ."

ಅವರು ಪುಟಗಳನ್ನು ನನ್ನ ಕಡೆಗೆ ತಳ್ಳಿದರು. ನನ್ನ ಕೆಲಸ ಖಾಯಂ ಆಗುವ ಕಾಗದವೂ ಅವರ ಕೈಯಲ್ಲೇ ಇತ್ತು. ಅದು ನನಗೂ ಗೊತ್ತು, ಅವರಿಗೂ ಗೊತ್ತು. ಕೊನೆಗೆ ಹೇಳಿದರು: "ಏಳನೇ ತಾರೀಖು ಮುಂದಿನ ಲಾಟ್ ಹೋಗುತ್ತೆ. ಅದು ಪಾಸಾದ್ರೆ ಈ ನೋಟೀಸ್ ಇಲ್ಲ. ವಾಪಸ್ ಬಂದ್ರೆ ಆಯಮ್ಮ ಅವತ್ತೇ ಮನೆಗೆ. ಆಮೇಲೆ ನಿನ್ನ ವಿಷ್ಯ ಮಾತಾಡೋಣ. ಪಟ್ಟಿ ನನ್ಹತ್ರಾನೇ ಇರ್ಲಿ."

ನಾನು ತಕ್ಷಣ ಕೆಲಸಕ್ಕಿಳಿದೆ, ನನಗೆ ಗೊತ್ತಿದ್ದ ರೀತಿಯಲ್ಲಿ. ಪ್ರತಿ ನಲವತ್ತೈದು ನಿಮಿಷಕ್ಕೆ ವಾಚ್‌ಮನ್ ಬಾಗಿಲ ಬಳಿ ತೂಗುಹಾಕಿದ್ದ ಕಬ್ಬಿಣದ ತುಂಡಿಗೆ ಬಡಿಯಬೇಕು. ಆರೂ ಜನ ಎದ್ದು ಗೋಡೆಯ ಹತ್ತಿರ ಸಾಲಾಗಿ ನಿಲ್ಲಬೇಕು. ಮೂರು ನಿಮಿಷ. ಕ್ರೋಷಾ ಇಲ್ಲ, ಪತ್ರಿಕೆ ಇಲ್ಲ, ನೀರಿನ ಟ್ಯಾಂಕಿನ ಕಡೆಗೆ ಮುಖ. ನಾನು ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲಿ ನಿಲ್ಲುತ್ತೇನೆ. ನಿಯಮಗಳನ್ನು ಬಿಳಿ ಹಾಳೆಯ ಮೇಲೆ ಬರೆದು ಅಂಟಿಸಿದೆ. ಜುಲೈ ೨೮ರಿಂದ ೩೧ರವರೆಗೆ ನಾಲ್ಕು ದಿನ ಒಂದೂ ತಪ್ಪದೆ ನಡೆಯಿತು.

ಆ ದಿನಗಳಲ್ಲಿ ನಾಲ್ಕು ಗಂಟೆಯ ಸುಮಾರಿಗೆ ಒಬ್ಬೊಬ್ಬರಿಗೂ ಕೊಟ್ಟ ಟ್ರೇಯ ಫಲ: ಹನ್ನೆರಡು, ಹದಿಮೂರು, ಹನ್ನೊಂದು, ಹದಿಮೂರು, ಹನ್ನೆರಡು. ಅಕ್ಕನದು ಹದಿನಾಲ್ಕು. ಇಪ್ಪತ್ತರ ಟ್ರೇಗೆ ಅವರ ಕಾಲಮ್ಮಿನಲ್ಲಿ ಹದಿನೆಂಟಕ್ಕಿಂತ ಕಡಿಮೆ ನಾನು ಬರೆದದ್ದು ಅದೇ ಮೊದಲು.

ಇವರು ಬೇಕೆಂದೇ ಮಾಡುತ್ತಿದ್ದಾರೆ ಎನ್ನಿಸಿತು. ಆರೂ ಜನ ಮಾತಾಡಿಕೊಂಡು ನನ್ನನ್ನು ಕೆಡವಲು ಹೊರಟಿದ್ದಾರೆ. ನಾನು ಅಕ್ಕನ ಕೆಲಸ ಉಳಿಸಲು ಹೆಣಗುತ್ತಿದ್ದೇನೆ, ಅಕ್ಕನೇ ಹೀಗೆ. ೩೧ರ ಶನಿವಾರ ಕೊನೆಯ ಬಡಿತಕ್ಕೆ ಗೋಡೆಯ ಹತ್ತಿರ ಸಿಟ್ಟಿನಿಂದಲೇ ಕೇಳಿದೆ.

"ಅಕ್ಕ, ಈ ಲಾಟ್ ವಾಪಸ್ ಬಂದ್ರೆ ಏನಾಗುತ್ತೆ ಗೊತ್ತಾ ನಿಮಗೆ?"

"ಗೊತ್ತು. ನೋಟೀಸ್ ಟೈಪ್ ಮಾಡಿದ್ದು ಆಫೀಸಿನ ಉಡುಗಿ. ಅವಳು ನಮ್ಮೂರೋಳೇ."

"ಹಾಗಾದ್ರೆ ಯಾಕೆ ಸರಿಯಾಗಿ ರೆಸ್ಟ್ ಮಾಡ್ತಿಲ್ಲ?"

ಚಿಕ್ಕ ಹುಡುಗಿ ಕಿಸಕ್ಕೆಂದಳು. ಅಕ್ಕ ಅವಳನ್ನು ಗದರಿಸಿ ನನ್ನ ಕಡೆ ತಿರುಗಿದರು.

"ಗಂಟೆ ಒಡೆದಾಗ ನಂಗೆ ಕಣ್ಣು ಸೋತಿರಾಕಿಲ್ಲ, ಸೋತಾಗ ನೀವ್ ಗಂಟೆ ಒಡ್ಸಾಕಿಲ್ಲ. ಎದ್ರೆ ತಪ್ಪು, ಕೂತ್ರೆ ತಪ್ಪು ಅಂತ ಕೂತಿರ್ತೀನಿ. ಇಲ್ಲಿಗ್ ಬಂದ್ರೆ ಗಡಿಯಾರ ಇಡ್ಕಂಡ್ ನೀವು. ದೂರ ಎಲ್ಲಿ ನೋಡಾದು ಸಾರ್? ನಿಮ್ಮನ್ನೇ ನೋಡ್ತಿದೀವಿ."

"ನಾವು ಆ ಕಡೆ ನೋಡ್ತಿದೀವಾ ಅಂತ ನೀವು ನಮ್ ಮುಖಾನೇ ನೋಡ್ತೀರಾ," ಎಂದಳು ಚಿಕ್ಕ ಹುಡುಗಿ. "ಕತ್ತು ಹಿಡ್ಕೊಂಡ್ಬಿಟ್ಟಿದೆ ನಂಗೆ."

ಮೂರು ನಿಮಿಷ ಮುಗಿದಿತ್ತು. ಸ್ಟಾಪ್‌ವಾಚ್ ಒತ್ತುವುದನ್ನು ಮರೆತಿದ್ದೆ.

ಭಾನುವಾರ ಪುಟ ತಿರುವಿ ಹಾಕಿದೆ. ನನ್ನ ಎಲ್ಲ ಅಂಕಿಗಳಲ್ಲಿ ಅತ್ಯಂತ ಒಳ್ಳೆಯವು ಎರಡು ಕಡೆ ಇದ್ದವು. ಒಂದು, ನಾನು ಹಿಂಬಾಲಿಸುವ ಮೊದಲಿನ ಅಕ್ಕನ ಕಾಲಂ. ಇನ್ನೊಂದು, ಕರೆಂಟು ಹೋದ ಬುಧವಾರ. ಎರಡೂ ಕಡೆ ಅವರು ಹೇಗೆ ಬಿಡುವು ಮಾಡಿಕೊಳ್ಳಬೇಕೆಂದು ಯಾರೂ ಹೇಳಿರಲಿಲ್ಲ, ಯಾರೂ ಪಕ್ಕದಲ್ಲಿ ನಿಂತಿರಲಿಲ್ಲ. ಸೋತದ್ದು ಕಣ್ಣು ಮಾತ್ರ ಎಂದುಕೊಂಡಿದ್ದೆ. ಸದಾ ಒಬ್ಬನು ನೋಡುತ್ತಿದ್ದಾನೆ ಎಂಬುದನ್ನು ಹೊತ್ತು ಕೂರುವುದೂ ಒಂದು ಕೆಲಸ, ಅದನ್ನು ಅವರ ಮೇಲೆ ಹೇರಿದವನು ನಾನು. ಅದಕ್ಕೆ ಬಿಡುವು ಕೊಡಬೇಕಾದವನೂ ನಾನೇ.

ಆಗಸ್ಟ್ ೨, ಸೋಮವಾರ ಬೆಳಿಗ್ಗೆ ನಿಯಮದ ಹಾಳೆ ಕಿತ್ತೆ. ವಾಚ್‌ಮನ್‌ಗೆ ಟೀ, ಊಟಕ್ಕೆ ಮಾತ್ರ ಬಡಿಯಲು ಹೇಳಿದೆ. ಮೇಜಿನ ಮುಂದೆ ನಿಂತು, ಕಣ್ಣು ಸೋತಾಗ ಎದ್ದು ಹೋಗಿ, ಎಷ್ಟು ಸಲವಾದರೂ ಸರಿ, ಯಾರೂ ಕೇಳುವುದಿಲ್ಲ ಎಂದೆ. ಪರೀಕ್ಷೆಯ ಟ್ರೇ ಕೂಡ ಇರುವುದಿಲ್ಲ ಎಂದೆ. ಇದುವರೆಗೆ ಅವರಿಗೂ ಅದನ್ನು ಕೊಡುತ್ತಿದ್ದೆ ಎಂದು ಬಾಯಿಬಿಟ್ಟು ಒಪ್ಪಿಕೊಂಡದ್ದೂ ಆಗಲೇ.

ಕ್ರೋಷಾ ಹೆಣೆಯುವವಳು ಕೇಳಿದಳು: "ಇದು ಯಾವ ಹೊಸ ನಾಟ್ಕ ಸಾರ್?"

ನನ್ನ ಮೇಜನ್ನು ಎಳೆದು ಗೋಡೆಗೆ ಮುಖ ಮಾಡಿ ಹಾಕಿಕೊಂಡೆ. ಈಗ ಅವರು ನನ್ನ ಬೆನ್ನ ಹಿಂದಿದ್ದರು.

ಆ ವಾರ ನನಗೆ ತುಂಬ ಕಷ್ಟದ್ದು. ಪರೀಕ್ಷೆಯ ಟ್ರೇ ಇಲ್ಲದ್ದರಿಂದ ಏನಾಗುತ್ತಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಮೊದಲ ದಿನ ಅಕ್ಕ ಬಿಟ್ಟು ಯಾರೂ ಏಳಲಿಲ್ಲ ಎಂದು ಆಮೇಲೆ ಗೊತ್ತಾಯಿತು; ಉಳಿದವರು ಇದರ ಹಿಂದೆ ಏನಿದೆ ಎಂದು ಕಾಯುತ್ತಿದ್ದರಂತೆ. ಬುಧವಾರದ ಹೊತ್ತಿಗೆ ಹಿಂಬಾಗಿಲ ಕೀಲು ಆಗಾಗ ಕಿರುಗುಟ್ಟತೊಡಗಿತು. ಆ ಸದ್ದು ಹನ್ನೊಂದು ಸಲ ಆದದ್ದನ್ನು ನನಗೇ ತಿಳಿಯದಂತೆ ಎಣಿಸಿಬಿಟ್ಟಿದ್ದೆ. ಎದ್ದು ಗ್ರೈಂಡರುಗಳ ಕಡೆ ಹೋಗಿ, ಮಾತೂ ಕೇಳಿಸದ ಆ ಸದ್ದಿನಲ್ಲಿ ಸ್ವಲ್ಪ ಹೊತ್ತು ನಿಂತುಬಂದೆ. ಇವರು ನನ್ನನ್ನು ಮುಳುಗಿಸಿದರೆ ಎಂಬ ಯೋಚನೆ ಶುಕ್ರವಾರದವರೆಗೂ ಬಿಡಲಿಲ್ಲ. ನನ್ನ ಪುಸ್ತಕದಲ್ಲಿ ಆ ಆರು ದಿನದ ಕಾಲಮ್ಮುಗಳು ಖಾಲಿ ಇವೆ.

ಶನಿವಾರ ಸಂಜೆ ಪೆಟ್ಟಿಗೆಗಳು ಹೋದವು. ಚಾರ್ಜ್‌ಹ್ಯಾಂಡ್ ಕೊನೆಯ ಮೊಳೆ ಹೊಡೆದು, "ಗುರು, ಹೆಂಗೆ ಅನ್ಸುತ್ತೆ?" ಎಂದರು. ಗೊತ್ತಿಲ್ಲ ಎಂದೆ. "ನೀನು ಗೊತ್ತಿಲ್ಲ ಅಂದಿದ್ದು ಇವತ್ತೇ ಕೇಳ್ತಿರೋದು," ಎಂದು ಸುತ್ತಿಗೆ ಕೆಳಗಿಟ್ಟರು.

ಆಗಸ್ಟ್ ೧೬, ಸೋಮವಾರ, ಹನ್ನೊಂದು ಗಂಟೆಗೆ ಗಿರಾಕಿ ಕಂಪನಿಯ ಕಾಗದ ಬಂತು. ಅವರು ಅಲ್ಲಲ್ಲಿಂದ ಎತ್ತಿ ನೋಡಿದ ಐನೂರರಲ್ಲಿ ತುಕ್ಕಿನ ಚುಕ್ಕೆಯ ಒಂದು ರೋಲರ್ ಸಿಕ್ಕಿತ್ತು. ಬಿರುಕಿನದು ಒಂದೂ ಇಲ್ಲ. ಲಾಟ್ ಪಾಸು. ಮ್ಯಾನೇಜರ್ ಎರಡು ಸಲ ಓದಿದರು.

"ಸರಿ. ಆ ವಾರ ಯಾರ್ಯಾರು ಎಷ್ಟೆಷ್ಟು ಸಲ ಎದ್ದು ಹೋದ್ರು? ಪಟ್ಟಿ ಕೊಡು."

"ಇಲ್ಲ ಸಾರ್."

"ಕೊಡಲ್ವಾ?"

"ಬರೀಲಿಲ್ಲ."

ಅವರು ನಂಬಲಿಲ್ಲ. ನನ್ನ ಜೇಬಿನ ಕಡೆ ನೋಡಿದರು. ನಾನು ಪುಸ್ತಕ ತೆಗೆದು ಖಾಲಿ ಪುಟಗಳನ್ನು ತೋರಿಸಿದೆ. ಅವರು ನೋಟೀಸನ್ನು ನನ್ನ ಮೊದಲ ಪಟ್ಟಿಯ ಜೊತೆಯಲ್ಲೇ ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದರು. "ಮುಂದಿನ ಲಾಟ್ ನೋಡ್ತೀನಿ," ಎಂದರು. ಅವರಿಂದ ಅದಕ್ಕಿಂತ ಹೆಚ್ಚು ನಾನು ನಿರೀಕ್ಷಿಸಿರಲಿಲ್ಲ.

ಹೊರಗೆ ಬಂದಾಗ ಅಕ್ಕ ಸೀಟಿನಲ್ಲಿ ಇರಲಿಲ್ಲ. ಹಿಂಬಾಗಿಲ ಹತ್ತಿರ ಹೋದೆ. ಗೋಡೆಯ ಬಳಿ ನಿಂತಿದ್ದವರು ನನ್ನ ಹೆಜ್ಜೆ ಕೇಳಿದ ಕೂಡಲೇ ಕೈ ತೆಗೆದು ತಿರುಗಿದರು.

"ಬಂದೆ ಸಾರ್, ಬಂದೆ."

"ಲಾಟ್ ಪಾಸಾಯ್ತು ಅಕ್ಕ. ನೋಟೀಸ್ ಹರಿದ್ಹಾಕಿದ್ರು. ನಾನೇ ನೋಡ್ದೆ."

ಅಕ್ಕ ನನ್ನ ಮುಖವನ್ನು, ಆಮೇಲೆ ನನ್ನ ಕೈಗಳನ್ನು ನೋಡಿದರು. "ನಿಜ್ವಾ?"

"ನಿಜ."

"ಸರಿ," ಎಂದರು. ಆದರೂ ಅಲ್ಲೇ ನಿಂತಿದ್ದರು. ಒಳಗೂ ಬರಲಿಲ್ಲ, ಗೋಡೆಯ ಕಡೆಗೂ ತಿರುಗಲಿಲ್ಲ. ನಾನು ಇನ್ನೇನೋ ಹೇಳಲು ಬಂದಿದ್ದೇನೆ ಎಂದು ಕಾಯುತ್ತಿದ್ದಾರೆ ಎಂದು ಮೊದಲು ಅನ್ನಿಸಿತು. ಅವರು ಕಾಯುತ್ತಿದ್ದದ್ದು ನಾನು ಹೋಗುವುದನ್ನು.

ನಾನು ಒಳಗೆ ಬಂದೆ. ಅಕ್ಕ ಆಮೇಲೆ ಎಷ್ಟು ಹೊತ್ತಿಗೆ ಬಂದು ಕೂತರೋ ನನಗೆ ಗೊತ್ತಿಲ್ಲ.